ಬ್ರಹ್ಮಾವರಕ್ಕೆ ಹೊರಟ ಚೀಲ

ಚೀಲ ತುಂಬಿಸುವುದು ಕೈಯ ಕೆಲಸ ಎಂದು ತಿಳಿದವರು ಜನ್ಮದಲ್ಲಿ ಯಾರನ್ನೂ ಎಲ್ಲಿಗೂ ಕಳಿಸಿದವರಲ್ಲ. ಅದು ಕನಸು ಕಾಣುವವರ ಕೆಲಸ. ಒಂದು ಟಾರ್ಚನ್ನು ಚೀಲಕ್ಕೆ ಹಾಕಿ ನೋಡಿ, ಕರೆಂಟು ಹೋದ ಕೋಣೆಯೊಂದು ಕಣ್ಣೆದುರು ಬರುತ್ತದೆ. ಅದರ ಹಿಂದೆಯೇ ಒಂದು ಮೆಟ್ಟಿಲು, ಆ ಮೆಟ್ಟಿಲಿನಲ್ಲಿ ಎಡವಿದ ಪುಟ್ಟ ಕಾಲು. ಇನ್ನು ಮುಲಾಮು ಹಾಕದೆ ಇರುವುದು ಹೇಗೆ? ಹೀಗೆ ಒಂದು ಕನಸು ಇನ್ನೊಂದನ್ನು ಕರೆದು, ಕೊನೆಗೆ ಜಿಪ್ ಎಳೆಯಲು ಮನೆಯವರೊಬ್ಬರು ಚೀಲದ ಮೇಲೆ ಕುಳಿತುಕೊಳ್ಳಬೇಕಾಗುತ್ತದೆ. ನಾನೋ ಹುಟ್ಟಿನಿಂದಲೇ ಹಗಲುಗನಸಿನ ಆಸಾಮಿ. ಮೀನಿಗೆ ಮಂಜುಗಡ್ಡೆ ಒದಗಿಸುವ ಊರಿನ ಐಸ್ ಪ್ಲಾಂಟಿನಲ್ಲಿ ಗುಮಾಸ್ತನಾಗಿ ಕುಳಿತು, ಮಂಜುಗಡ್ಡೆಯಿಂದ ಏಳುವ ಬಿಳಿ ಹೊಗೆಯನ್ನು ನೋಡುತ್ತಾ, ಎಷ್ಟೋ ಬೇಸಿಗೆಗಳನ್ನು ಹಿಮಾಲಯದಲ್ಲಿ ಕಳೆದವನು. ಅಂಥವನ ಕೈಗೆ ಮಗಳ ಚೀಲ ಕೊಟ್ಟದ್ದು ನನ್ನ ಹೆಂಡತಿ ಸುಜಾತಳ ತಪ್ಪು. "ಹ್ವಾಯ್, ದಿನಾ ಮೀನ್ ಪೆಟ್ಟಿಗಿ ತುಂಬ್ಸುದ್ ಕಾಂತ್ರಿ ಅಲ್ದಾ? ಇದನ್ನೂ ತುಂಬ್ಸಿ" ಎಂದು ಅವಳು ಒಳಗೆ ಹೋದಳು.

ಮಗಳು ಪಲ್ಲವಿ ನಾಲ್ಕನೇ ಕ್ಲಾಸು ಮುಗಿಸಿದ್ದಳು. ಬ್ರಹ್ಮಾವರದ ಶಾಲೆಯೊಂದರಲ್ಲಿ ಮಕ್ಕಳಿಗೆ ಹತ್ತು ದಿನದ ಬೇಸಿಗೆ ಶಿಬಿರ. ಚಿತ್ರ, ನಾಟಕ, ಹಾಡು, ಊಟ, ನಿದ್ರೆ ಎಲ್ಲವೂ ಅಲ್ಲೇ. ಕಿರಿಮಂಜೇಶ್ವರದ ನಮ್ಮ ಮನೆಯಿಂದ ಬ್ರಹ್ಮಾವರವೆಂದರೆ ಬಸ್ಸಿನಲ್ಲಿ ಒಂದು ಒಳ್ಳೆಯ ತೂಕಡಿಕೆಯಷ್ಟು ದೂರ. ಆದರೆ ನಮ್ಮ ಮನೆಗೆ ಗೊತ್ತಿದ್ದದ್ದು ಒಂದೇ ಪ್ರಯಾಣ, ಬೊಂಬಾಯಿಯದ್ದು. ನನ್ನ ಅಪ್ಪಯ್ಯ, ಚಿಕ್ಕಪ್ಪಂದಿರು ಎಲ್ಲರೂ ಅಲ್ಲಿನ ಹೋಟೆಲುಗಳಲ್ಲಿ ದುಡಿದವರು. ಅವರ ಗಂಟುಮೂಟೆ ಕಟ್ಟಿ ಕಟ್ಟಿ ಅಮ್ಮನ ಕೈ ಪಳಗಿತ್ತು. ಮನೆಯಿಂದ ಒಬ್ಬರು ಚೀಲ ಹಿಡಿದು ಹೊರಡುತ್ತಾರೆಂದರೆ ಅಮ್ಮನ ಕಣ್ಣಿಗೆ ಅದು ಬೊಂಬಾಯಿಯೇ. ಊರಿನ ಹೆಸರು ಬೇರೆ ಇರಬಹುದು, ಅಷ್ಟೆ.

"ಎರಡ್ ಸೇರ್ ಕುಚ್ಲಕ್ಕಿ ಇರ್ಲಿ. ಅಲ್ಲಿನ್ ಅಕ್ಕಿ ಹೊಟ್ಟಿಗ್ ಆತಿಲ್ಲೆ" ಎಂದರು ಅಮ್ಮ.

"ಅಮ್ಮ, ಬ್ರಹ್ಮಾವರದಲ್ಲೂ ಕುಚ್ಲಕ್ಕಿಯೇ ಉಂಬುದ್."

"ನಿನ್ನಪ್ಪಯ್ಯನೂ ಬೊಂಬಾಯಿಗ್ ಹೋಪತಿಗೆ ಎಲ್ಲಾ ಅಲ್ಲೇ ಸಿಕ್ತ್ ಅಂದಿದ್ರ್. ಕಡಿಗೆ ಕಾಗ್ದ ಬರ್ದ್ ತರ್ಸ್ಕಂಡ್ರ್."

ಸತ್ತ ಅಪ್ಪಯ್ಯನ ಸಾಕ್ಷಿಗೆ ಎದುರು ಹೇಳುವುದು ಹೇಗೆ? ಅಕ್ಕಿ ಒಳಗೆ ಹೋಯಿತು. ಹಿಂದೆಯೇ ಎರಡು ತೆಂಗಿನಕಾಯಿ, ಹಪ್ಪಳ, ಮಿಡಿ ಉಪ್ಪಿನಕಾಯಿ. ಕೊನೆಗೆ ಚಟ್ಲಿ ಚಟ್ನಿಯ ಬಾಟ್ಲಿ. ಒಣ ಸಿಗಡಿಯನ್ನು ಹುರಿದು, ಕಾಯಿ, ಮೆಣಸು ಹಾಕಿ ಮಾಡುವ ಈ ಚಟ್ನಿ ಇದ್ದರೆ ನಮ್ಮವರು ಯಾವ ಊರಿನಲ್ಲಿ ಬೇಕಾದರೂ ಬದುಕಿಕೊಳ್ಳುತ್ತಾರೆ. ಶಿಬಿರದಲ್ಲಿ ಮೀನು ಮಾಂಸ ಇಲ್ಲ ಎಂದೆ. "ಅದ್ಕೇ ಮತ್ತೆ ಹಾಕುದ್!" ಎಂದ ಅಮ್ಮ, ಚೀಲಕ್ಕೆ ಸುತ್ತಲೂ ಹಗ್ಗ ಬಿಗಿದರು. ರೈಲಿನಲ್ಲಿ ಯಾರೂ ಬಿಚ್ಚಬಾರದಂತೆ.

ಅಮ್ಮನನ್ನು ನೋಡಿ ನಗುವ ಅಧಿಕಾರ ನನಗಿರಲಿಲ್ಲ. ನನ್ನ ಚಿಂತೆ ಅದಕ್ಕಿಂತ ವಿಚಿತ್ರದ್ದು. ಪಲ್ಲವಿಗೆ ಹುಟ್ಟಿನಿಂದ ಒಂದು ಅಭ್ಯಾಸ. ಮಲಗಿದಾಗ ನನ್ನ ಎಡಗಿವಿಯ ತುದಿಯನ್ನು ಎರಡು ಬೆರಳಿನಲ್ಲಿ ಹಿಡಿದು ಮೆಲ್ಲಗೆ ತಿಕ್ಕುತ್ತಾ ಇದ್ದರೆ ಮಾತ್ರ ಅವಳಿಗೆ ನಿದ್ರೆ. ಸುಜಾತಳ ಕಿವಿಯಲ್ಲಿ ಓಲೆ ಚುಚ್ಚುತ್ತದೆಂದು ಆ ಭಾಗ್ಯ ನನ್ನ ಪಾಲಿಗೆ ಬಂದಿತ್ತು. ಈಗ ಬ್ರಹ್ಮಾವರದಲ್ಲಿ ಯಾರ ಕಿವಿ? ಅಕ್ಕಿ, ಕಾಯಿ, ಚಟ್ನಿ ಎಲ್ಲ ಕಳಿಸಬಹುದು, ಕಿವಿ ಕಳಿಸಲಾಗುವುದಿಲ್ಲವಲ್ಲ. ಆ ಮಧ್ಯಾಹ್ನ ಹಗ್ಗ ಬಿಚ್ಚಿ, ಅವಳ ಅಂಗಿಗಳನ್ನು ಮತ್ತೆ ಮಡಚುತ್ತಾ ಕುಳಿತಿದ್ದೆ. ಸಮುದ್ರದ ಗಾಳಿಗೆ ಕಿಟಕಿಯ ಪರದೆ ಉಬ್ಬುತ್ತಿತ್ತು, ಇಳಿಯುತ್ತಿತ್ತು. ಹಳದಿ ಫ್ರಾಕು ಕೈಯಲ್ಲಿದ್ದಂತೆಯೇ ನಾನೆಲ್ಲೋ ತೇಲಿಹೋದೆ. ಉದ್ದದ ಒಂದು ಹಾಲ್, ಸಾಲಾಗಿ ಮಲಗಿದ ಮಕ್ಕಳು, ಅವರ ನಡುವೆ ಒಂದು ಕೈ ಗಾಳಿಯಲ್ಲಿ ಏನನ್ನೋ ಹುಡುಕುತ್ತಿತ್ತು. ನನಗೆ ನಿಜಕ್ಕೂ ಅಳು ಬಂತು. "ಚೀಲ ತುಂಬ್ಸುದಾ, ಕನ್ಸ್ ಕಾಂಬುದಾ?" ಎಂದು ಸುಜಾತ ಬಾಗಿಲಲ್ಲಿ ನಿಂತು ಕೇಳಿದಾಗ, ಹಳದಿ ಫ್ರಾಕನ್ನು ಅಕ್ಕಿಯ ಕೆಳಗೆ ತುರುಕಿಬಿಟ್ಟೆ.

ಹೊರಡುವ ದಿನ ಬೆಳಿಗ್ಗೆ ಪಲ್ಲವಿ ಚೀಲ ಎತ್ತಲು ನೋಡಿದಳು. ಚೀಲ ಏಳಲಿಲ್ಲ. ಎಲ್ಲವನ್ನೂ ಚಾಪೆಗೆ ಸುರಿದು, ಬಟ್ಟೆ, ಬ್ರಷ್ಷು, ಬಣ್ಣದ ಡಬ್ಬಿ ಮಾತ್ರ ಒಳಗೆ ಹಾಕಿಕೊಂಡಳು.

"ಅಪ್ಪಯ್ಯ, ಹೊರುದ್ ನಾನ್ ಅಲ್ದಾ?"

ಅಮ್ಮ ಚಾಪೆಯ ಮೇಲಿಂದ ಚಟ್ನಿಯ ಬಾಟ್ಲಿಯನ್ನು ಮಾತ್ರ ಎತ್ತಿಕೊಂಡರು.

ಮೂರನೆಯ ದಿನ ನಾನು ಬ್ರಹ್ಮಾವರಕ್ಕೆ ಹೊರಟೆ. ಕೈಯಲ್ಲಿ ಅವಳ ಕೊಡೆ. ಏಪ್ರಿಲ್ ತಿಂಗಳು, ಆಕಾಶದಲ್ಲಿ ಹತ್ತಿಯ ಎಳೆಯಷ್ಟೂ ಮೋಡವಿಲ್ಲ. ನನ್ನ ಲೆಕ್ಕ ಇಷ್ಟೇ: ಮಗಳ ಕಣ್ಣಲ್ಲಿ ಒಂದು ಹನಿ ಕಂಡರೆ ಸಾಕು, ಮುಂದಿನ ಬಸ್ಸಿಗೇ ಕರೆದುಕೊಂಡು ಬರುವುದು. ಆ ಹನಿ ಇರಲಿ ದೇವರೇ ಎಂದು ಬಸ್ಸಿನುದ್ದಕ್ಕೂ ಬೇಡಿಕೊಂಡೆ. ಎಂಥ ಅಪ್ಪ ನೋಡಿ!

ಗೆಳತಿಯೊಬ್ಬಳ ಜೊತೆ ಪಲ್ಲವಿ ಓಡಿ ಬಂದಳು. ಮೊಣಕೈವರೆಗೂ ನೀಲಿ ಬಣ್ಣ.

"ಎಂತಕೆ ಬಂದ್ರಿ? ಕೊಡೆ ಎಂತಕೆ? ಮಳಿ ಎಲ್ಲಿತ್ತ್?"

"ಬಂದ್ರೆ?"

"ಬಂದ್ರೆ ಒದ್ದಿ ಆಪುದ್!" ಎಂದು ಇಬ್ಬರೂ ನಕ್ಕರು. ಆಮೇಲೆ ಸ್ವರ ತಗ್ಗಿಸಿ, "ಅಜ್ಜಿ ಬಟ್ಟಿ ಕೆಳ್ಗೆ ಚಟ್ಲಿ ಚಟ್ನಿ ಹುಗ್ಸಿ ಇಟ್ಟಿದ್ರ್ ಅಪ್ಪಯ್ಯ. ಇಡೀ ಕೋಣೆಯವ್ರ್ ಸೇರಿ ಮೊದ್ಲ್ನೇ ದಿನವೇ ಖಾಲಿ ಮಾಡ್ದ್. ವಾಸ್ನಿಗ್ ಬೆಕ್ಕೂ ಬಂದಿತ್ತ್" ಎಂದಳು.

ಕೇಳಬೇಕಾದದ್ದನ್ನು ಕೊನೆಗೂ ಕೇಳಿದೆ. "ನಿದ್ರಿ ಬತ್ತಾ ಮಗಾ?"

"ಮಾತಾಡ್ತಾ ಮಾತಾಡ್ತಾ ಬತ್ತ್" ಎಂದಳು, ಅದೇನು ದೊಡ್ಡ ವಿಷಯವೇ ಅಲ್ಲ ಎಂಬಂತೆ. ನನಗೆ ಸಂತೋಷವಾಯಿತು, ಅಷ್ಟೇ ನೋವೂ ಆಯಿತು. ಒಳಗೆ ಗಂಟೆ ಹೊಡೆಯಿತು. ಕೊಡೆಯನ್ನು ಅವಳ ಕೈಗೇ ಕೊಟ್ಟೆ. ಹೋಗುವ ಮೊದಲು ಅವಳು ನನ್ನ ಮುಖವನ್ನು ಒಮ್ಮೆ ನೋಡಿ, "ನಿಮ್ಗ್ ಬತ್ತಾ?" ಎಂದಳು.

"ಓ, ಲಾಯ್ಕ್ ಬತ್ತ್" ಎಂದೆ.

ಅವರಿಬ್ಬರೂ ಮೆಟ್ಟಿಲು ಹತ್ತುತ್ತಿದ್ದಾಗ ಯಾರು ಬಂದದ್ದು ಎಂದು ಗೆಳತಿ ಕೇಳಿದ್ದೂ, ನನ್ನ ಮಗಳು ಹೇಳಿದ್ದೂ ನನಗೆ ಸ್ಪಷ್ಟವಾಗಿ ಕೇಳಿಸಿತು. "ನನ್ನಪ್ಪಯ್ಯ. ಅವ್ರಿಗ್ ನನ್ ಬಿಟ್ ಇದ್ದ್ ಅಭ್ಯಾಸ ಇಲ್ಲೆ. ನಾಲ್ಕ್ ದಿನ ಆದ್ರೆ ಸಮ ಆತ್ತ್."

ನಾಲ್ಕು ದಿನ ಆಯಿತು. ಸಮ ಆಗಲಿಲ್ಲ. ಮರುದಿನ ಬೆಳಿಗ್ಗೆ ನಾನು ಚಪ್ಪಲಿ ಮೆಟ್ಟುವುದನ್ನು ಕಂಡು ಸುಜಾತ, "ಮತ್ತೆಲ್ಲಿಗ್ ಹೊರ್ಟದ್?" ಎಂದು ಕೇಳಿದಳು.

"ಬ್ರಹ್ಮಾವರಕ್ಕೆ" ಎಂದೆ. "ಅಲ್ಲಿ ಮಳಿ ಇಲ್ಲೆ ಅಲ್ದಾ, ಕೊಡೆ ವಾಪಸ್ ತರ್ಬೇಕ್."