ನಮ್ಮ ಮನೆಯವರು ಜೀಪು ಕೊಂಡದ್ದು

ಕಣ್ಣು ಮಬ್ಬಾದಾಗ ಜನ ಏನು ಕೊಳ್ಳುತ್ತಾರೆ? ಕನ್ನಡಕ. ನಮ್ಮ ಮನೆಯವರು ಜೀಪು ಕೊಂಡರು! ಅದೂ ನನಗಿಂತ ವಯಸ್ಸಾದ, ಓಡದ ಜೀಪು. "ಕಣ್ಣು ಇನ್ನು ಸುಧಾರಿಸುವುದಿಲ್ಲ, ವರ್ಷದೊಳಗೆ ಪೂರ್ತಿ ಹೋಗಬಹುದು" ಎಂದು ಧಾರವಾಡದ ಡಾಕ್ಟರು ಹೇಳಿದ ವಾರವೇ ಹಳಿಯಾಳದ ಸಂತೆಗೆ ಬದನೆಕಾಯಿ ತರಲು ಹೋದವರು, ಈ ಜೀಪನ್ನು ಟ್ರ್ಯಾಕ್ಟರಿಗೆ ಕಟ್ಟಿ ಎಳೆಸಿಕೊಂಡು ದಾಂಡೇಲಿಗೆ ಬಂದರು. ನಾನು ಹಣೆ ಹಣೆ ಬಡಿದುಕೊಂಡೆ.

"ಡ್ರೈವಿಂಗ್ ಬರತೈತೇನ್ರಿ ನಿಮಗ?"

"ಇಲ್ಲ."

"ಮತ್ತ ಯಾರು ಹೊಡಿತಾರ ಇದನ್ನ?"

"ನೋಡೂಣು ತಡಿ."

ಇಂಥವರ ಜೊತೆ ಏನಂತ ಜಗಳ ಆಡುವುದು! ಕಣ್ಣು ಹೋಗುವ ಮೊದಲು ಸ್ವಂತ ಜೀಪಿನಲ್ಲಿ ಜೋಯಿಡಾ ಕಾಡು ಹಾಯ್ದು ಸೂಪಾದ ಹಿನ್ನೀರು ನೋಡಿ ಬರಬೇಕು, ಇದೊಂದೇ ಹಟ.

ಮೆಕ್ಯಾನಿಕ್ ಬಂದು ಬಾನೆಟ್ ಎತ್ತಿ ನೋಡಿ ಟೋಪಿ ತೆಗೆದ. "ಅಕ್ಕಾರ, ಇದು ರಿಪೇರಿ ಮಾಡೂದಲ್ರಿ, ಮಣ್ಣ ಮಾಡೂದು."

ಇವರು ಕೇಳಬೇಕಲ್ಲ! ಎಂಜಿನ್ ಬಿಟ್ಟು ಮೊದಲು ಬಣ್ಣ ಬಳಿದರು. ಒಂದು ಬಾಗಿಲು ಹಸಿರು, ಇನ್ನೊಂದು ನೀಲಿ. ಅವರ ಕಣ್ಣಿಗೆ ಎರಡೂ ಒಂದೇ. ನಾನು ಹೇಳಲು ಹೋಗಲಿಲ್ಲ. ಗೇರ್‌ಬಾಕ್ಸ್ ಹುಡುಕಿಕೊಂಡು ಮುಂಡಗೋಡಕ್ಕೆ ಹೋದವರು ಟಿಬೆಟನ್ ಕಾಲೊನಿಯಿಂದ ನನಗೊಂದು ಸ್ವೆಟರ್ ತಂದರು!

"ಗೇರ್‌ಬಾಕ್ಸ್ ಎಲ್ರಿ?"

"ಮುಂದಿನ ವಾರ. ಕಾಡಿನ್ಯಾಗ ಥಂಡಿ ಭಾಳ ಇರತೈತಿ."

ಅಂತೂ ಗೇರ್‌ಬಾಕ್ಸೂ ಬಂತು. ಎಲ್ಲ ಜೋಡಿಸಿದ ಮೇಲೆ ಒಂದು ಚರಿಗೆ ತುಂಬ ನಟ್ಟು ಬೋಲ್ಟು ಉಳಿದವು. "ಮದಲಿನವ್ರು ಸುಮ್ಮನ ಜಾಸ್ತಿ ಹಾಕಿದ್ರು" ಎಂದರು, ಬಲು ಧೈರ್ಯದಿಂದ.

ದಸರೆಯ ಖಂಡೇಪೂಜೆಯ ದಿನ ನಾಲ್ಕೂ ಗಾಲಿಗಳ ಮುಂದೆ ನಿಂಬೆಹಣ್ಣು ಇಟ್ಟರು. ಗಾಡಿ ಅವುಗಳ ಮೇಲೆ ಹಾಯಬೇಕಲ್ಲ? ಚಾವಿ ತಿರುವಿದರೆ ಒಮ್ಮೆ ಕೆಮ್ಮಿ ಸುಮ್ಮನಾಯಿತು. ಓಣಿಯವರೆಲ್ಲ ಸೇರಿ ನೂಕಿದರು. ಅಂಗಳ ಇಳಿಜಾರು ನೋಡಿ, ಅದು ಅವರನ್ನೇ ನೂಕಿಕೊಂಡು ಹಿಂದಕ್ಕೆ ಉರುಳಿ ನನ್ನ ತುಳಸಿಕಟ್ಟೆಗೆ ಗುದ್ದಿತು! ನಿಂಬೆಹಣ್ಣಿಗೆ ಏನೂ ಆಗಿರಲಿಲ್ಲ. ಉಪ್ಪಿನಕಾಯಿ ಹಾಕಿದೆ.

ಅಷ್ಟರಲ್ಲಿ ಅವರು ಚಹಾದ ಕಪ್ಪನ್ನೂ ತಡವಿ ಹುಡುಕುವಂತಾಗಿತ್ತು. ಇನ್ನು ಜೀಪು ಓಡಿಸುವುದು ಯಾವ ಜನ್ಮಕ್ಕೆ? ಅವರ ಹಿನ್ನೀರಿನ ಆಸೆ ಮುಗಿಯಿತೆಂದು ಅಡುಗೆಮನೆಯಲ್ಲಿ ಒಬ್ಬಳೇ ಅತ್ತೆ. ಅವರು ಮಾತ್ರ ದಿನವೂ ಬೆರಳಿನಿಂದಲೇ ನಟ್ಟು ಹುಡುಕಿ ಬಿಗಿಯುತ್ತ ಕೂತರು.

ದೀಪಾವಳಿ ಕಳೆದ ಮೇಲೆ ಒಂದು ಮಧ್ಯಾಹ್ನ ಅಂಗಳದಲ್ಲಿ ಜೀಪು ಗುಡುಗಿತು. ಓಡಿ ಹೋದೆ. ಡ್ರೈವರ್ ಸೀಟು ಖಾಲಿ ಇತ್ತು. ಅವರು ಪಕ್ಕದ ಸೀಟಿನಲ್ಲಿ ಕೂತು, ನನ್ನ ಬಳೆಯ ಸದ್ದಿನ ಕಡೆ ಮುಖ ತಿರುಗಿಸಿದರು.

"ಹತ್ತು."

"ಯಾರು, ನಾನಾ? ನನಗೆಲ್ಲಿ ಬರತೈತ್ರಿ!"

"ಕಲೀತಿ. ಹತ್ತು ಮದಲ."

ನಾನು ಗಿಡ್ಡಿ. ಬಸ್ಸಿನ ಸೀಟಿನಲ್ಲೂ ನನ್ನ ಕಾಲು ನೆಲ ಮುಟ್ಟುವುದಿಲ್ಲ. ಇಲ್ಲಿ ಪೆಡಲ್ ಸರಿಯಾಗಿ ಕಾಲಿಗೆ ಸಿಕ್ಕಿತು. ಸೀಟನ್ನು ಮುಂದಕ್ಕೆ ತಂದು ಬೆಸುಗೆ ಹಾಕಿಸಿದ್ದರು, ಬೆನ್ನಿಗೆ ದಿಂಬು ಕಟ್ಟಿದ್ದರು. ಅವರ ಉದ್ದನೆಯ ಕಾಲು ಅಲ್ಲಿ ಹಿಡಿಯುವಂತೆಯೇ ಇರಲಿಲ್ಲ.

"ಹರೇದಾಗ ಬಿದಿರಿನ ಲಾರಿ ಮ್ಯಾಲೆ ಕೂತು ಈ ಕಾಡೆಲ್ಲ ಅಡ್ಡಾಡಿದಂವ ನಾ. ಸೂಪಾ ತನಕ ಎಲ್ಲಿ ಹೊರಳಬೇಕು ನಾ ಹೇಳ್ತೇನಿ. ಏನೇನ ಕಾಣತೈತಿ ಅಂತ ನೀ ಹೇಳಕೋತ ಹೊಡಿ. ಈಗ ಏನ ಕಾಣತೈತಿ, ಹೇಳು ನೋಡೂಣು?"

ಹೇಳಬೇಕೆಂದು ಬಾಯಿ ತೆರೆದೆ. ಕಣ್ಣ ತುಂಬ ನೀರು, ನನಗೂ ಏನೂ ಕಾಣಲಿಲ್ಲ.