ಮಾವನ ಕಿವಿ ಮತ್ತು ನಾಲ್ಕು ಒಳಲೆ

ದೆಹಲಿಯಲ್ಲಿ ಬೇಕಾದಷ್ಟು ಪುರೋಹಿತರಿದ್ದಾರೆ. ಆದರೆ ನನ್ನ ಸೋದರಮಾವನಷ್ಟು ಜನರ ಬಾಯಲ್ಲಿ ದೇವರ ಹೆಸರು ಹೇಳಿಸಿದವರು ಇನ್ನೊಬ್ಬರಿಲ್ಲ! ಅವರಿಗೆ ಮಂತ್ರ ಬರುವುದಿಲ್ಲ, ಇರುವುದೊಂದು ಹಳೇ ಡೀಸೆಲ್ ಪಿಕಪ್ಪು. ಅದರಲ್ಲಿ ಕೂತ ಎಂಥ ನಾಸ್ತಿಕನೂ ಮೂರನೇ ಸಿಗ್ನಲ್ ಹೊತ್ತಿಗೆ ಹನುಮಂತನನ್ನು ನೆನೆಯುತ್ತಾನೆ.

ಸರ್ಕಾರಿ ಕಚೇರಿಯಿಂದ ನಿವೃತ್ತರಾದ ವರ್ಷ ಅದನ್ನು ಹರಾಜಿನಲ್ಲಿ ಕೊಂಡು ತಂದು ಜನಕಪುರಿಯ ಮನೆ ಮುಂದೆ ನಿಲ್ಲಿಸಿದರು. ಇಲ್ಲಿ ಸರ್ಕಾರಿ ನೌಕರಿಯಲ್ಲಿರುವ ನಮ್ಮ ಕನ್ನಡದವರಿಗೆ ಬಡ್ತಿ ಬಂದರೆ ಕ್ವಾರ್ಟರ್ಸ್ ಬದಲಾಗುತ್ತದಲ್ಲ, ಆಗ ಸಾಮಾನು ಸಾಗಿಸಲು ಮಾವ ಕರೆಯದೆಯೇ ಹಾಜರು. ಲೋಧಿ ಕಾಲೋನಿಯ ಗುಮಾಸ್ತರೊಬ್ಬರು ಈ ಭಯಕ್ಕೇ ಬಡ್ತಿ ಬೇಡವೆಂದು ಬರೆದುಕೊಟ್ಟರಂತೆ. ನಿಜವೋ ಸುಳ್ಳೋ ಗೊತ್ತಿಲ್ಲ, ನಾನಾಗಿದ್ದರೆ ಖಂಡಿತ ಬರೆದುಕೊಡುತ್ತಿದ್ದೆ.

ಗಾಡಿಯ ಕಾಯಿಲೆ ಒಂದೇ, ಇಂಜೆಕ್ಟರು. ಇಂಜಿನ್ನಿಗೆ ನಾಲ್ಕು ಬಾಯಿ, ಬಾಯಿಗೊಂದು ಇಂಜೆಕ್ಟರು. ಮಗುವಿಗೆ ಒಳಲೆಯಲ್ಲಿ ಹಾಲು ಹಾಕಿದ ಹಾಗೆ ಅದು ಡೀಸೆಲ್ ಕುಡಿಸುತ್ತದೆ. ಒಂದು ಒಳಲೆ ಕಟ್ಟಿಕೊಂಡರೂ ಮುಗೀತು! ಗಾಡಿ ಕೆಮ್ಮುತ್ತದೆ, ಕರಿ ಹೊಗೆ ಕಾರುತ್ತದೆ, ಲಾರಿಗಳ ನಡುವೆ ಆಮೆಯಾಗಿಬಿಡುತ್ತದೆ. ಒಳಗೆ ಕೂತ ನಾನು ಜೀವ ಕೈಯಲ್ಲಿ ಹಿಡಿದುಕೊಂಡಿರುತ್ತೇನೆ.

ಮೆಕ್ಯಾನಿಕ್ ಹತ್ತಿರ ಹೋಗುವುದು ಮಾವನಿಗೆ ಅವಮಾನ. ಇಂಜಿನ್ ಓಡುತ್ತಿರುವಾಗಲೇ ಬಾನೆಟ್ ಎತ್ತಿ, ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಇಂಜಿನ್ನಿಗೆ ತಾಗಿಸಿ ಹಿಡಿಯನ್ನು ಕಿವಿಗೆ ಒತ್ತಿಕೊಂಡು, ಒಂದೊಂದೇ ಇಂಜೆಕ್ಟರಿನ ಪೈಪಿನ ನಟ್ಟು ಸಡಿಲಿಸುತ್ತಾರೆ. ಒಳ್ಳೆಯದನ್ನು ಸಡಿಲಿಸಿದರೆ ಇಂಜಿನ್ನಿನ ಸದ್ದು ಕುಗ್ಗುತ್ತದೆ. ಕೆಟ್ಟದ್ದಾದರೆ ಸದ್ದು ಬದಲಾಗುವುದೇ ಇಲ್ಲ.

"ನಮ್ಮ ಆಫೀಸಿನ ಹಾಗೇ ಕಣೋ," ಎನ್ನುತ್ತಿದ್ದರು. "ಯಾರು ರಜಾ ಹಾಕಿದ್ರೆ ಗೊತ್ತೇ ಆಗಲ್ವೋ, ಅವನೇ ಕೆಲಸಗಳ್ಳ!"

ಆ ಹೊತ್ತಿನಲ್ಲಿ ಅತ್ತೆ ಪಕ್ಕದಲ್ಲಿ ನಿಂತು ಅವರ ಹೆಗಲ ಮೇಲೆ ಕೈ ಇಟ್ಟಿರಲೇಬೇಕು. ಯಾವ ಶಾಸ್ತ್ರದಲ್ಲಿದೆ ಇದು?

"ಏನತ್ತೆ, ಸಂಕಲ್ಪಕ್ಕೆ ಕೂತ ಹಾಗೆ ಮುಟ್ಟಿಕೊಂಡಿದ್ದೀರಲ್ಲ!" ಎಂದು ನಾನು ರೇಗಿಸಿದರೆ ಅತ್ತೆ ನಗುತ್ತಿದ್ದರು. "ದಂಪತಿ ಸಮೇತ ಮಾಡಿದ್ರೇ ಫಲ ಕಣೋ."

ಅಷ್ಟರಲ್ಲಿ ಮಾವ "ಸಿಕ್ತು! ಮೂರನೇದು!" ಎಂದು ಬೀದಿಗೆಲ್ಲ ಕೇಳುವ ಹಾಗೆ ಕೂಗುತ್ತಿದ್ದರು.

ದೆಹಲಿಯಲ್ಲೇ ಬೆಳೆದ ಮಾವನ ಮಗಳಿಗೆ ಈ ಗಾಡಿ ಕಂಡರಾಗದು. "ಪಪ್ಪಾ, ಬಸ್ ಕರೋ, ಸಾಕು ಮಾಡಿ! ಕಬಾಡಿಗೆ ಕೊಡಿ ಇದನ್ನ," ಎಂದು ದಿನಾ ಜಗಳ. ಕೊನೆಗೆ ಮಾವ ಪಣ ತೊಟ್ಟರು: "ಕೆಟ್ಟಿದ್ದು ಯಾವುದು ಅಂತ ಕಿವಿಯಲ್ಲೇ ಹಿಡಿಯಕ್ಕಾಗದ ದಿನ ನಾನೇ ಗುಜರಿಗೆ ಹಾಕ್ತೀನಿ." ಆ ದಿನ ಬೇಗ ಬರಲಪ್ಪಾ ಎಂದು ಹನುಮಂತನಿಗೆ ಹರಕೆ ಹೊತ್ತವನು ನಾನು!

ನನಗೆ ಫರೀದಾಬಾದಿನ ಕಾರ್ಖಾನೆಯೊಂದರಲ್ಲಿ ಕೆಲಸ ಸಿಕ್ಕಿತು. ಮಾವ ಬಿಡುತ್ತಾರೆಯೇ? ಜನವರಿಯ ಬೆಳಿಗ್ಗೆ, ಚಾಚಿದ ಕೈ ಕಾಣದಂಥ ಮಂಜು. ಹಿಂದೆ ನನ್ನ ಮಂಚ, ಟ್ರಂಕು, ತುಂಬಿದ ಗ್ಯಾಸ್ ಸಿಲಿಂಡರು. ನನಗೂ ಓಡಿಸಲು ಬರುತ್ತಿತ್ತು; ಲೈಸೆನ್ಸಿತ್ತು, ಧೈರ್ಯವಿರಲಿಲ್ಲ. ಅತ್ತೆ ತಂಗಿಯ ಗೃಹಪ್ರವೇಶಕ್ಕೆ ಹಾಸನಕ್ಕೆ ಹೋಗಿದ್ದರು. ಅವರ ಜಾಗದಲ್ಲಿ ಮಗಳು ಕೂತಿದ್ದಳು, ಸಾಕ್ಷಿಗೆ.

ಮಥುರಾ ರಸ್ತೆಯಲ್ಲಿ ಗಾಡಿ ಕೆಮ್ಮತೊಡಗಿತು. ಮಾವ ಪಕ್ಕಕ್ಕೆ ತಂದರೂ ಅರ್ಧ ಗಾಡಿ ರಸ್ತೆಯಲ್ಲೇ ಇತ್ತು. ಇಳಿದು ಬಾನೆಟ್ ಎತ್ತಿದರು. ಮಂಜಿನೊಳಗಿಂದ ಲಾರಿಯೊಂದು ಕಿವಿ ಹರಿಯುವ ಹಾಗೆ ಹಾರನ್ ಹೊಡೆಯುತ್ತಾ ನುಗ್ಗಿ ಬಂತು. ಮಗಳು ಕಿರುಚಿದಳು, ನಾನು ಚರಂಡಿಗೆ ಹಾರಿದೆ. ಲಾರಿ ಗೇಣು ದೂರದಲ್ಲಿ ದಾಟಿಹೋಯಿತು. ಮಾವ ತಿರುಗಿಯೂ ನೋಡಲಿಲ್ಲ.

ಅಬ್ಬಾ, ಎಂಥ ಗುಂಡಿಗೆ ಎಂದುಕೊಂಡೆ. ಅವರು ನಟ್ಟು ಸಡಿಲಿಸಿದರು. ಒಂದು, ಎರಡು, ಮೂರು, ನಾಲ್ಕು. ಎರಡನೆಯದಕ್ಕೆ ಸದ್ದು ಬದಲಾಗಲೇ ಇಲ್ಲ. ನನ್ನಂಥ ದಡ್ಡನಿಗೂ ಗೊತ್ತಾಯಿತು. ಮಾವ ಮತ್ತೆ ಒಂದರಿಂದ ಶುರುಮಾಡಿದರು.

"ಪಪ್ಪಾ, ಮಿಲಾ ಕ್ಯಾ?" ಎಂದಳು ಮಗಳು. ಮಾವ ಬಗ್ಗಿದಲ್ಲೇ ಮುಂದಿನ ನಟ್ಟಿಗೆ ಸ್ಪ್ಯಾನರ್ ಹಾಕಿದರು. "ಸಿಗ್ಲಿಲ್ಲ ಅಲ್ವಾ? ಇವತ್ತೇ ಕಬಾಡಿಯವನಿಗೆ ಫೋನ್ ಮಾಡ್ತೀನಿ."

ಮಾವ ಯಾರ ಕೈಯೂ ಇಲ್ಲದ ತಮ್ಮ ಹೆಗಲನ್ನೊಮ್ಮೆ ನೋಡಿಕೊಂಡರು. ಆಗ ನನಗೆ ಹೊಳೆಯಿತು. ಅವರಿಗೆ ಇಂಜಿನ್ನೂ ಕೇಳಿಸುತ್ತಿರಲಿಲ್ಲ, ಆ ಹಾರನ್ನೂ ಕೇಳಿಸಿರಲಿಲ್ಲ! ಮಾತನ್ನು ಎದುರಿನವರ ತುಟಿ ನೋಡಿ ಹಿಡಿಯುತ್ತಿದ್ದರೇನೋ; ಇಂಜಿನ್ನನ್ನು ಇಷ್ಟು ದಿನ ಕೇಳಿಸಿಕೊಳ್ಳುತ್ತಿದ್ದವರು ಅತ್ತೆ. ಸದ್ದು ಬದಲಾಗದ ಕಡೆ ಹೆಗಲು ಒತ್ತುತ್ತಿದ್ದರು, ಅಷ್ಟೆ.

ಬಾಯಿ ಮುಚ್ಚಿಕೊಂಡು ನಿಂತಿದ್ದರೆ ನನ್ನ ಹರಕೆ ಅವತ್ತೇ ಫಲಿಸುತ್ತಿತ್ತು. ಆದರೆ ಆ ಖಾಲಿ ಹೆಗಲು ನೋಡಿದ ಮೇಲೆ ನನ್ನಿಂದ ಆಗಲಿಲ್ಲ. ಹತ್ತಿರ ಹೋಗಿ ಮಾವನ ಹೆಗಲ ಮೇಲೆ ಕೈ ಇಟ್ಟೆ. ಎರಡನೇ ನಟ್ಟು ಸಡಿಲಿಸಿದಾಗ ಒತ್ತಿದೆ.

"ಸಿಕ್ತು!" ಮಾವ ರಸ್ತೆಗೆಲ್ಲ ಕೇಳುವ ಹಾಗೆ ಕೂಗಿದರು. "ಎರಡನೇದು!"

ಮಗಳು ಫೋನನ್ನು ಜೇಬಿಗೆ ಹಾಕಿಕೊಂಡು ಗಾಡಿ ಹತ್ತಿದಳು. ಮಾವ ಇಂಜಿನ್ ನಿಲ್ಲಿಸಿ, ಕೆಟ್ಟ ಇಂಜೆಕ್ಟರ್ ಬಿಚ್ಚಿ, ಡಬ್ಬಿಯಲ್ಲಿದ್ದ ಇನ್ನೊಂದನ್ನು ಕೂರಿಸಿ, ಬಾನೆಟ್ ಮುಚ್ಚಿದರು. ಆಮೇಲೆ ಗಾಡಿಯ ಕೀಲಿಕೈಯನ್ನು ನನ್ನ ಅಂಗೈಯಲ್ಲಿಟ್ಟು, ಕೈ ಬಿಡದೆ ಹಾಗೇ ಹಿಡಿದುಕೊಂಡರು.

"ಇನ್ಮೇಲೆ ನೀನು ಓಡ್ಸು. ಕೈ ತಣ್ಣಗಾಗಿದೆಯಲ್ಲೋ, ಹೆದರಿದ್ಯಾ?"

ಹೌದೆಂದು ತಲೆಯಾಡಿಸಿದೆ.

"ನಾನೂ ಕಣೋ," ಎಂದರು ಮಾವ. "ಎರಡು ವರ್ಷದಿಂದ."