ಅಮೆರಿಕದ ಕಾಲುವೆಗೆ ನಾನು ಹಾಕಿದ ಒಗೆಯುವ ಕಲ್ಲು

ದಾರಿಯಲ್ಲಿ ಹೋಗುವ ಮಾರಿಯನ್ನು ಮನೆಗೆ ಕರೆಯುವವರು ಎಲ್ಲ ಕಡೆ ಉಂಟು. ನಾನು ಕರೆದು, ಚಾ ಕೊಟ್ಟು, "ಇಷ್ಟು ಬೇಗ ಎಂತ ಗಡಿಬಿಡಿ, ಕೂತುಕೊಳ್ಳಿ" ಅನ್ನುವ ಜಾತಿ. ತೊಂಬತ್ತರ ದಶಕದಲ್ಲಿ ದೋಹಾದ ಒಂದು ಏಸಿ ಕಂಪನಿಯಲ್ಲಿ ಟೈಪಿಸ್ಟ್ ಆಗಿದ್ದಾಗ ಅಮೆರಿಕದ ಒಂದು ಊರನ್ನು ಹಾಗೆಯೇ ತಲೆಗೆ ಕಟ್ಟಿಕೊಂಡೆ. ಆ ಊರನ್ನು ನಾನು ಇವತ್ತಿನವರೆಗೆ ಕಣ್ಣಿಂದ ನೋಡಿದ್ದಿಲ್ಲ.

೧. ಗೋಡೆಯ ಮೇಲಿನ ಊರು

ನನಗೆ ಬೇಕಾಗಿದ್ದದ್ದು ಒಂದೇ ಒಂದು ಸಹಿ. ಮದುವೆಯಾಗಿ ಮೂರು ವರ್ಷ, ಅದರಲ್ಲಿ ಹೆಂಡತಿಯ ಜೊತೆ ಇದ್ದದ್ದು ಒಟ್ಟು ಎರಡು ತಿಂಗಳು. ಅವಳು ಬ್ರಹ್ಮಾವರದಲ್ಲಿ, ನಾನು ದೋಹಾದ ನಜ್ಮಾದಲ್ಲಿ ಐದು ಜನರ ರೂಮಿನಲ್ಲಿ. ಅವಳನ್ನು ಕರೆಸಬೇಕಾದರೆ ಫ್ಯಾಮಿಲಿ ವೀಸಾ ಬೇಕು, ವೀಸಾ ಸಿಗಬೇಕಾದರೆ ನಮ್ಮ ಮ್ಯಾನೇಜರರ ಶಿಫಾರಸು ಪತ್ರ ಬೇಕು.

ಮ್ಯಾನೇಜರ್ ಅಮೆರಿಕದವರು, ಒಳ್ಳೆಯ ಮನುಷ್ಯ. ಅವರ ಕುರ್ಚಿಯ ಹಿಂದೆ ಒಂದು ದೊಡ್ಡ ಫೋಟೋ ಇತ್ತು: ಕಾಲುವೆ, ಅದರ ಮೇಲೊಂದು ಕಬ್ಬಿಣದ ಸೇತುವೆ, ದಡದಲ್ಲಿ ನಾಲ್ಕು ಬಾತುಕೋಳಿ. ಪತ್ರ ಹಿಡಿದುಕೊಂಡು ಒಳಗೆ ಹೋದ ಮೊದಲ ದಿನ, ಸೀದಾ ವಿಷಯಕ್ಕೆ ಬಂದರೆ ಚಂದ ಅಲ್ಲ ಅಂತ, "ಇದು ಯಾವ ಊರು ಸರ್?" ಅಂದೆ. ಅಲ್ಲಿಗೆ ಮುಗಿಯಿತು ನನ್ನ ಕಥೆ.

ಅದು ಅವರ ಹುಟ್ಟೂರಂತೆ. ಒಂದು ದೊಡ್ಡ ಪೇಟೆಯ ಹೊರಗೆ, ಕಾಲುವೆಯ ಉದ್ದಕ್ಕೆ ಮನೆಗಳು. ಒಂದೇ ಬೀದಿ, ಒಂದು ಲೈಬ್ರರಿ, ಒಂದು ಐಸ್‌ಕ್ರೀಂ ಅಂಗಡಿ. ದೋಣಿ ಬಂದರೆ ಸೇತುವೆಯೇ ಮೇಲಕ್ಕೆ ಎದ್ದು ದಾರಿ ಬಿಡುತ್ತದಂತೆ. ಹಿಂದಿನ ಕಾಲದಲ್ಲಿ ಹೇಸರಗತ್ತೆಗಳು ದಡದಲ್ಲಿ ನಡೆದು ದೋಣಿಗಳನ್ನು ಹಗ್ಗದಲ್ಲಿ ಎಳೆಯುತ್ತಿದ್ದವಂತೆ.

"ನಿಮ್ಮ ಊರಲ್ಲಿ ಕಾಲುವೆ ಇದೆಯಾ?" ಅಂತ ಕೇಳಿದರು.

"ತೋಡು ಉಂಟು ಸರ್, ಮನೆಯ ಹಿಂದೆಯೇ."

"ಅದರಲ್ಲಿ ಏನೇನು ಹೋಗುತ್ತದೆ?"

ಸುಳ್ಳು ಹೇಳಲು ಬಾಯಿ ಬರಲಿಲ್ಲ. "ಎಮ್ಮೆ, ಸರ್."

ಮುಕ್ಕಾಲು ಗಂಟೆ ಕಳೆದು ಹೊರಗೆ ಬಂದೆ. ಪತ್ರ ಕೈಯಲ್ಲೇ ಇತ್ತು, ಸಹಿ ಇರಲಿಲ್ಲ.

೨. ಬಣ್ಣ ಹೊಡೆದ ಸೇತುವೆ

ರೂಮಿನಲ್ಲಿ ನನ್ನ ಮೇಲಿನ ಮಂಚದವರು ಉಪ್ಪಿನಂಗಡಿ ಕಡೆಯ ದರ್ಜಿ ಕಾಕ. ಎಲ್ಲ ಕೇಳಿ, "ಹಾಲು ಕೊಡುವ ಹಸು ಒದ್ದರೂ ತಡ್ಕೊಳ್ಬೇಕು ಮಾರಾಯ್ರೆ. ಅವರ ಊರಿನ ಕಥೆ ಕೇಳ್ತಾ ಇರಿ, ಒಂದು ದಿನ ಖುಷಿಯಲ್ಲಿ ಸಹಿ ಹಾಕಿಬಿಡ್ತಾರೆ. ಮಾಫಿ ಮುಶ್ಕಿಲ್, ಎಂತ ತೊಂದರೆಯೂ ಇಲ್ಲ!" ಅಂದರು.

ಸರಿ, ವಾರಕ್ಕೊಮ್ಮೆ ಕೇಳತೊಡಗಿದೆ. ಚಳಿಗಾಲದಲ್ಲಿ ಆ ಕಾಲುವೆಯ ನೀರನ್ನು ಖಾಲಿ ಮಾಡುತ್ತಾರೆ ಅಂತ ತಿಳಿಯಿತು. ಅಯ್ಯೋ ದೇವರೇ! ನಮ್ಮ ತೋಡು ಬೇಸಗೆಯಲ್ಲಿ ತನ್ನಷ್ಟಕ್ಕೆ ಒಣಗುತ್ತದೆ, ಇವರು ಸಂಬಳದ ಜನ ಇಟ್ಟು ಒಣಗಿಸುತ್ತಾರೆ. ನಾನು ಬಾಯಿ ತೆರೆದು ಕೇಳಿದೆ. ಅವರಿಗೆ ನಾನು ತುಂಬ ಇಷ್ಟವಾದೆ. ಪತ್ರವನ್ನು ಟ್ರೇಯಲ್ಲಿ ಇಟ್ಟು ಹೋಗಿ ಅಂದರು. ಇಟ್ಟೆ. ಅದು ಅಲ್ಲೇ ಇತ್ತು.

ಶುಕ್ರವಾರ ಊರಿಗೆ ಫೋನು. ಎತ್ತಿದ ಕೂಡಲೇ ಹೆಂಡತಿ, "ವೀಸಾ ಎಲ್ಲಿಗೆ ಬಂತು?" ಅಂದಳು.

ನನ್ನ ತಲೆಯಲ್ಲಿ ಇದ್ದದ್ದು ಬಾಯಿಗೆ ಬಂತು: "ಸೇತುವೆಗೆ ಹೊಸ ಬಣ್ಣ ಹೊಡೆದಿದ್ದಾರಂತೆ."

"ಯಾವ ಸೇತುವೆ? ನಮ್ಮ ಮಾಬುಕಳದ್ದಾ?"

ಅಮೆರಿಕದ್ದು ಅಂತ ವಿವರಿಸಿದೆ. ಬಾತುಕೋಳಿಯ ತನಕ ಹೇಳಿದೆ. ಆಮೇಲೆ ಅವಳು, "ಆಯ್ತು, ನೀವು ಅಲ್ಲಿ ಬಾತುಕೋಳಿ ಲೆಕ್ಕ ಹಾಕ್ತಾ ಇರಿ, ನಾನಿಲ್ಲಿ ಮುದುಕಿ ಆಗ್ತೇನೆ," ಅಂದು ಫೋನ್ ಇಟ್ಟಳು.

೩. ಎರಡು ಪುಟದ ಪರಿಚಯ

ಅಷ್ಟರಲ್ಲಿ ಆ ಊರಿನ ಲೈಬ್ರರಿಯವರು ಒಂದು ಪುಸ್ತಕ ತರುವವರಿದ್ದರು. ಪರದೇಶದಲ್ಲಿರುವ ಊರವರೆಲ್ಲ ತಮಗೆ ನೆನಪಿರುವಂತೆ ಊರಿನ ಪರಿಚಯ ಎರಡು ಪುಟ ಬರೆದು ಕಳಿಸಬೇಕು. ಮ್ಯಾನೇಜರಿಗೆ ಸೈಟಿಗೆ ಹೋಗುವ ಅವಸರ. "ನಿಮಗೆ ಎಲ್ಲ ಹೇಳಿದ್ದೇನಲ್ಲ, ನೀವೇ ಟೈಪ್ ಮಾಡಿ ಫ್ಯಾಕ್ಸ್ ಮಾಡಿಬಿಡಿ. ನೀವು ಮಾಡಿದ್ದನ್ನು ನಾನು ಯಾವಾಗ ಓದಿದ್ದೇನೆ?" ಅಂದು ಹೊರಟೇ ಹೋದರು.

ಕೂತೆ. ಸೇತುವೆ ಆಯಿತು, ಹೇಸರಗತ್ತೆ ಆಯಿತು, ಐಸ್‌ಕ್ರೀಂ ಆಯಿತು. ಒಂದೂಕಾಲು ಪುಟಕ್ಕೆ ಊರು ಮುಗಿದುಹೋಯಿತು! ಇನ್ನು ಮುಕ್ಕಾಲು ಪುಟಕ್ಕೆ ಎಂತ ಮಾಡುವುದು? ಕಾಲುವೆ ಅಂದ ಮೇಲೆ ಒಗೆಯುವ ಕಲ್ಲು ಇಲ್ಲದೆ ಇರುತ್ತದಾ? ದಡದಲ್ಲಿ ಸಾಲಾಗಿ ಕಲ್ಲು ಹಾಕಿಸಿದೆ. ಬೆಳಕು ಹರಿಯುವಾಗ ಊರಿನ ಹೆಂಗಸರು ಬಟ್ಟೆಯ ಗಂಟು ಹೊತ್ತು ಬಂದು, ಯಾರ ಮಗಳಿಗೆ ಎಲ್ಲಿಯ ಸಂಬಂಧ ಕುದುರಿತು ಅಂತ ಮಾತಾಡುತ್ತ ಬಟ್ಟೆ ಕುಕ್ಕಿದರು. ಮಕ್ಕಳು ಬಾಳೆದಿಂಡು ಕಟ್ಟಿಕೊಂಡು ಈಜು ಕಲಿಯಬೇಕಿತ್ತು, ಆದರೆ ಅಲ್ಲಿ ಬಾಳೆ ಆಗುವುದಿಲ್ಲ ಅನ್ನುವಷ್ಟು ಬುದ್ಧಿ ನನಗೂ ಉಂಟು, ಖಾಲಿ ಡಬ್ಬ ಕಟ್ಟಿಸಿದೆ. ಸಂಜೆ ಹೇಸರಗತ್ತೆಗಳನ್ನು ನೀರಿಗಿಳಿಸಿ ಚೆನ್ನಾಗಿ ಮೈ ತಿಕ್ಕಿಸಿದೆ. ಬೆಳಗ್ಗಿನಿಂದ ದೋಣಿ ಎಳೆದ ಪ್ರಾಣಿಗಳು, ಪಾಪ.

ಎರಡು ಪುಟ ಭರ್ತಿ ಆಯಿತು. ಅವರ ಹೆಸರು ಹಾಕಿ ಫ್ಯಾಕ್ಸ್ ಮಾಡಿದೆ. ಬರೆದದ್ದು ಅಷ್ಟು ಚಂದ ಆಗಿತ್ತು ಅಂದರೆ, ಆ ದಿನ ಕೆಫೆಟೇರಿಯಾದಲ್ಲಿ ನನಗೆ ನಾನೇ ಒಂದು ಪರೋಟ ಹೆಚ್ಚಿಗೆ ಕೊಡಿಸಿಕೊಂಡೆ.

೪. ಉತ್ತರ ಬಂತು

ಪುಸ್ತಕ ಅಚ್ಚಾದ ಮೇಲೆ ಫ್ಯಾಕ್ಸುಗಳು ಬಂದವು. ಲೈಬ್ರರಿಯ ಹೆಂಗಸು ಬರೆದಿದ್ದರು: "ನಮ್ಮ ಕಾಲುವೆಯಲ್ಲಿ ಬಟ್ಟೆ ಒಗೆದವರು ಯಾವ ಮನೆಯವರೆಂದು ಸಮಿತಿಗೆ ತಿಳಿಯಬೇಕಾಗಿದೆ." ಎರಡನೆಯದು ಮ್ಯಾನೇಜರರ ಅಕ್ಕನದು: "ಅಮ್ಮ ಎರಡು ದಿನದಿಂದ ಊಟ ಬಿಟ್ಟಿದ್ದಾಳೆ. ನಮ್ಮ ಮನೆಯಲ್ಲಿ ಮೊದಲಿಂದಲೂ ವಾಷಿಂಗ್ ಮೆಷಿನ್ ಇತ್ತಲ್ಲ? ಚರ್ಚಿನಲ್ಲಿ ಎಲ್ಲರೂ ಅವಳನ್ನು ಕನಿಕರದಿಂದ ನೋಡುತ್ತಿದ್ದಾರೆ."

ಒಳಗಿಂದ ಕರೆ ಬಂತು. ಹೋದೆ. ಫ್ಯಾಕ್ಸ್ ಮೇಜಿನ ಮೇಲೆ, ನನ್ನ ಜೀವ ಬಾಯಲ್ಲಿ.

"ಈ ಹೆಂಗಸರು ಯಾರು?"

"ನಮ್ಮ ಊರಿನವರು, ಸರ್."

"ನನ್ನ ಊರಿನಲ್ಲಿ ಏನು ಮಾಡುತ್ತಿದ್ದಾರೆ?"

"ಬಟ್ಟೆ ಒಗೆಯುತ್ತಿದ್ದಾರೆ, ಸರ್."

ಖಲಾಸ್, ನಾಳೆಯ ವಿಮಾನಕ್ಕೆ ನನ್ನ ಪೆಟ್ಟಿಗೆ ಅಂದುಕೊಂಡೆ. ಅವರು ಮುಖ ಕೆಂಪಗೆ ಮಾಡಿಕೊಂಡು, "ಇನ್ನು ನೀವು ಟೈಪ್ ಮಾಡಿದ ಪ್ರತಿಯೊಂದು ಅಕ್ಷರವನ್ನೂ ಓದಿಯೇ ಸಹಿ ಹಾಕುತ್ತೇನೆ," ಅಂದರು. ಕೆಲಸ ಉಳಿಯಿತಲ್ಲ! ನನಗೆ ಎಷ್ಟು ಖುಷಿಯಾಯಿತೆಂದರೆ, "ಬಹಳ ಒಳ್ಳೆಯದು ಸರ್, ಈಗಿಂದಲೇ ಶುರು ಮಾಡಿ," ಅಂತ ನಾನೇ ಹುರಿದುಂಬಿಸಿದೆ.

೫. ಓದಿ ಹಾಕಿದ ಮೊದಲ ಸಹಿ

ಅವರು ಟ್ರೇಗೆ ಕೈಹಾಕಿ ಮೊದಲು ಸಿಕ್ಕಿದ ಕಾಗದ ಎತ್ತಿದರು. ಅದು ನನ್ನ ಶಿಫಾರಸು ಪತ್ರ.

ನಮ್ಮ ಆಫೀಸಿನ ಕ್ರಮ ಹೇಗೆಂದರೆ, ಯಾರಿಗೆ ಶಿಫಾರಸು ಬೇಕೋ ಅವರೇ ಟೈಪ್ ಮಾಡಿ ತರಬೇಕು, ಸಾಹೇಬರು ಬರೀ ಸಹಿ ಹಾಕಬೇಕು. ಓದುವವರಿಲ್ಲ ಅಂದ ಮೇಲೆ ಹೊಗಳಿಕೆಯಲ್ಲಿ ನಾನು ಕೈ ಬಿಗಿ ಹಿಡಿದಿರಲಿಲ್ಲ. ಅವರು ಕೆಂಪು ಪೆನ್ನು ತೆಗೆದು, ಗಟ್ಟಿಯಾಗಿ, ನಿಧಾನಕ್ಕೆ ಓದತೊಡಗಿದರು.

"'ಇವರ ಕೆಲಸದಲ್ಲಿ ಒಂದು ತಪ್ಪನ್ನೂ ಕಂಡವರಿಲ್ಲ.'" ಪಕ್ಕದ ಫ್ಯಾಕ್ಸನ್ನು ನೋಡಿದರು. ಒಂದು ಗೀಟು.

"'ಸಮಯಪಾಲನೆಗೆ ಹೆಸರಾದವರು.' ನಿನ್ನೆ ಎಷ್ಟು ಗಂಟೆಗೆ ಬಂದಿರಿ?"

"ಬಸ್ಸು ತಡ ಆಯ್ತು, ಸರ್." ಇನ್ನೊಂದು ಗೀಟು.

"'ಈ ಕಂಪನಿಯ ಆಧಾರಸ್ತಂಭ.' ಇವರನ್ನು ನಾನು ಒಮ್ಮೆ ಭೇಟಿಯಾಗಬೇಕಲ್ಲ, ಯಾವ ಸೆಕ್ಷನ್‌ನಲ್ಲಿ ಇದ್ದಾರೆ?"

ಗೀಟಿನ ಮೇಲೆ ಗೀಟು. ಇನ್ನು ಹೆಂಡತಿಗೆ ಯಾವ ಮುಖದಲ್ಲಿ ಫೋನ್ ಮಾಡುವುದು ಅಂತ ನೆನೆದು ನಿಜವಾಗಿ ಕಣ್ಣಲ್ಲಿ ನೀರು ಬಂತು. ಕೊನೆಗೆ ಕಾಗದದಲ್ಲಿ ಒಂದೇ ವಾಕ್ಯ ಉಳಿಯಿತು.

"'ಇವರ ಪತ್ನಿ ಊರಿನಲ್ಲಿದ್ದಾರೆ.'" ಪೆನ್ನು ನಿಂತಿತು. "ಇದಾದರೂ ನಿಜ ತಾನೇ?"

"ದೇವರಾಣೆ ನಿಜ, ಸರ್. ಮೂರು ವರ್ಷದಿಂದ."

ಅವರು ಹಿಂದೆ ತಿರುಗಿ ಗೋಡೆಯ ಮೇಲಿನ ಕಾಲುವೆಯನ್ನು ತುಂಬ ಹೊತ್ತು ನೋಡಿದರು. "ಬಟ್ಟೆ ಒಗೆಯುವವರಲ್ಲಿ ಅವರೂ ಇದ್ದಾರಾ?"

"ಇದ್ದಾಳೆ ಸರ್. ಸೇತುವೆಯಿಂದ ಎರಡನೇ ಕಲ್ಲು."

"ಹಾಗಾದರೆ ದಯವಿಟ್ಟು ನಿಮ್ಮ ಹೆಂಡತಿಯನ್ನು ನನ್ನ ಊರಿನಿಂದ ಬೇಗ ಇಲ್ಲಿಗೆ ಕರೆಸಿಕೊಳ್ಳಿ," ಅಂದು ಸಹಿ ಹಾಕಿದರು.